ಬ್ರೂಕ್ ಗ್ರೀನ್ ಕನ್ಯಾಶಾಲೆಯ ಸಂಗೀತಾಚಾರ್ಯನೂ ವಿಜ್ಞಾನದ ಉಪಾಧ್ಯಾಯರೂ

ವಿದ್ಯಾಶಾಲೆಗಳ ಚರಿತ್ರೆಯನ್ನು ಬರೆಯುವವರು ಬಹುಧಾ ಸ್ಥಾಪಕರನ್ನೂ ದತ್ತಿಗಳನ್ನೂ ಕಟ್ಟಡಗಳನ್ನೂ ವಿಸ್ತಾರವಾಗಿ ವರ್ಣಿಸಿ, ದಿನದಿನವೂ ಹಲಗೆಯ ಮುಂದೆ ನಿಂತು ಕಲಿಸಿದವರನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವರು. ಶಾಲೆಯ ನಿಜವಾದ ಚರಿತ್ರೆಯು ಇರುವುದಾದರೋ ಆ ಉಪಾಧ್ಯಾಯರಲ್ಲಿಯೇ. ಇದಕ್ಕೆ ಆಂಗ್ಲದೇಶದ ಒಂದು ಕನ್ಯಾ ಹೈಸ್ಕೂಲು ಒಳ್ಳೆಯ ನಿದರ್ಶನವಾಗಿದೆ.

ಲಂಡನ್ ನಗರದ ಪಶ್ಚಿಮಭಾಗದಲ್ಲಿರುವ ಹ್ಯಾಮರ್‌ಸ್ಮಿತ್ ಪ್ರಾಂತದ ಬ್ರೂಕ್ ಗ್ರೀನ್ ಎಂಬಲ್ಲಿ 1904ನೆಯ ಇಸವಿಯಲ್ಲಿ ಸೇಂಟ್ ಪಾಲ್ಸ್ ಕನ್ಯಾಶಾಲೆಯು ಆರಂಭವಾಯಿತು. ಇದರ ಮೂಲಧನವು ಬಹು ಹಳೆಯದು. ಜಾನ್ ಕಾಲೆಟ್ ಎಂಬ ಧರ್ಮಾಧಿಕಾರಿಯು 1509ರಲ್ಲಿ ಬಾಲಕರ ಶಾಲೆಗಾಗಿ ತನ್ನ ಸ್ವತ್ತನ್ನು ದತ್ತಿಯಾಗಿ ಬಿಟ್ಟು, ಅದರ ಆಡಳಿತವನ್ನು ಮರ್ಸರ್ಸ್ ಎಂಬ ವರ್ತಕಸಂಘಕ್ಕೆ ಒಪ್ಪಿಸಿದ್ದನು. ಆ ದತ್ತಿಯ ಫಲವು ಬಾಲಿಕೆಯರಿಗೆ ದೊರೆಯಲು ಸುಮಾರು ನಾಲ್ಕು ಶತಮಾನಗಳು ಬೇಕಾದುವು! ಮೊದಲ ಮುಖ್ಯೋಪಾಧ್ಯಾಯಿನಿಯಾದ ಫ್ರಾನ್ಸಿಸ್ ಗ್ರೇ ಎಂಬಾಕೆಯು 1927ರ ವರೆಗೆ ಶಾಲೆಯನ್ನು ನಡೆಯಿಸಿದಳು.

ಶಾಲೆ ತೆರೆದ ಮರುವರ್ಷವೇ, ಎಂದರೆ 1905ರಲ್ಲಿ, ಗುಸ್ತಾವ್ ಹೋಲ್ಸ್ಟ್ ಎಂಬ ಮೂವತ್ತೊಂದು ವರ್ಷದ ತರುಣನು ಅಲ್ಲಿ ಸಂಗೀತ ವಿಭಾಗದ ಮುಖ್ಯನಾಗಿ ಸೇರಿದನು. ಚೆಲ್ಟನ್‌ಹ್ಯಾಮ್ ಎಂಬ ಊರಲ್ಲಿ 1874ರಲ್ಲಿ ಹುಟ್ಟಿದ ಈತನು ಮೊದಲು ವಾದ್ಯಮೇಳಗಳಲ್ಲಿ ಟ್ರಾಂಬೋನ್ ಎಂಬ ಕಹಳೆಯನ್ನು ಊದಿ ಜೀವನ ಸಾಗಿಸುತ್ತಿದ್ದನು. ಬಲಗೈಯ ನರಗಳ ಬೇನೆಯು ಚಿಕ್ಕಂದಿನಿಂದಲೂ ಈತನನ್ನು ಬಾಧಿಸುತ್ತಿದ್ದಿತು. ಈತನು ಈ ಶಾಲೆಯನ್ನು ಸಾಯುವವರೆಗೂ ಬಿಡಲಿಲ್ಲ. ಅನ್ಯಶಾಲೆಗಳಲ್ಲಿಯೂ, ದುಡಿಯುವ ಜನರಿಗಾಗಿ ನಡೆಯುತ್ತಿದ್ದ ಮಾರ್ಲಿ ಕಾಲೇಜಿನಲ್ಲಿಯೂ ಪಾಠ ಹೇಳುತ್ತಿದ್ದುದರಿಂದ, ಸ್ವಂತ ಕೃತಿರಚನೆಗೆ ಉಳಿಯುತ್ತಿದ್ದುದು ಭಾನುವಾರಗಳೂ ರಜೆಯ ದಿನಗಳೂ ಮಾತ್ರವೇ.

ಈತನ ವಿಷಯದಲ್ಲಿ ಭಾರತೀಯ ವಾಚಕರು ವಿಶೇಷವಾಗಿ ಮನಸ್ಸಿಡಬೇಕಾದ ಸಂಗತಿಯೊಂದುಂಟು. ಋಗ್ವೇದದ ಸೂಕ್ತಗಳಿಗೆ ಸ್ವರವನ್ನು ಕೂಡಿಸಬೇಕೆಂಬ ಆಸೆ ಈತನಿಗೆ ಉಂಟಾಯಿತು. ದೊರೆತ ಭಾಷಾಂತರಗಳು ಹಾಡಲು ಒಗ್ಗದೆ ಹೋದುದರಿಂದ ಲಂಡನ್ನಿನಲ್ಲಿಯೇ ಸಂಸ್ಕೃತವನ್ನು ಅಭ್ಯಾಸಮಾಡಿ, ಕೋಶವನ್ನು ಮುಂದಿಟ್ಟುಕೊಂಡು ತಾನೇ ಭಾಷಾಂತರಿಸತೊಡಗಿದನು. ಸೀತಾ ಚರಿತ್ರೆಯ ಗೇಯನಾಟಕ, 1908ರಲ್ಲಿ ಬರೆದ ಸಾವಿತ್ರಿಯ ಏಕಾಂಕ, 1908ರಿಂದ 1912ರ ವರೆಗೆ ರಚಿಸಿದ ಋಗ್ವೇದ ಗೀತಸಮೂಹಗಳು, ಕಾಳಿದಾಸನ ಮೇಘದೂತವನ್ನು ಅನುಸರಿಸಿ 1913ರಲ್ಲಿ ಹಾಡಿಸಿದ ಪ್ರಬಂಧ—ಇವೆಲ್ಲವೂ ಆ ಅಭಿರುಚಿಯ ಫಲಗಳು. ಋಗ್ವೇದ ಗೀತಗಳ ಮೂರನೆಯ ಗುಚ್ಛವು ಕೇವಲ ಸ್ತ್ರೀಕಂಠಗಳಿಗೂ ಹಾರ್ಪ್ ಎಂಬ ತಂತೀವಾದ್ಯಕ್ಕೂ ಹೊಂದಿಸಲ್ಪಟ್ಟಿದೆ. ಈತನ ಸಂಸ್ಕೃತಜ್ಞಾನವು ಪಾಠಶಾಲೆಯಲ್ಲಿ ಕೌಮುದಿಯನ್ನೋದಿದವರ ಜ್ಞಾನಕ್ಕೆ ಸಮಾನವಾದುದಲ್ಲ, ನಿಜ. ಆದರೆ ವಾರವೆಲ್ಲ ಪಾಠ ಹೇಳಿ ದಣಿದವನೊಬ್ಬನು, ಹಾಡಿಗೆ ಬೇಕಾದ ಒಂದೊಂದು ಪದಕ್ಕಾಗಿ ಕೋಶವನ್ನು ತಿರುವಿಹಾಕಿದ ಶ್ರದ್ಧೆಯನ್ನು ಹಗುರಾಗಿ ಕಾಣತಕ್ಕುದಲ್ಲ.

1913ರಲ್ಲಿ ಶಾಲೆಯವರು ಸಂಗೀತಕ್ಕೆಂದೇ ಬೇರೊಂದು ಕಟ್ಟಡವನ್ನು ಕಟ್ಟಿಸಿ, ಹೊರಗಿನ ಶಬ್ದವು ಒಳಹೋಗದಂತಹ ಒಂದು ಕೊಠಡಿಯನ್ನು ಹೋಲ್ಸ್ಟನಿಗೆ ಕೊಟ್ಟರು. ಅದರ ಉಪಕಾರಸ್ಮರಣೆಗಾಗಿ ಈತನು ಶಾಲೆಯ ವಾದ್ಯಮೇಳಕ್ಕೆ ‘ಸೇಂಟ್ ಪಾಲ್ಸ್ ಸ್ವೀಟ್’ ಎಂಬ ತಂತೀವಾದ್ಯಗಳ ಕೃತಿಯನ್ನು ರಚಿಸಿಕೊಟ್ಟನು. ಕೊಳಲು ಮೊದಲಾದ ಸುಷಿರವಾದ್ಯಗಳನ್ನು ಕಲಿಯುತ್ತಿದ್ದ ಹುಡುಗಿಯರು ಸುಮ್ಮನೆ ಕುಳಿತಿರಬಾರದೆಂದು ಅವುಗಳಿಗೂ ಭಾಗಗಳನ್ನು ಬರೆದು ಸೇರಿಸಿದನು. ಇದು ಉಪಾಧ್ಯಾಯನಾದವನಿಗೆ ಮಾತ್ರ ಹೊಳೆಯುವ ಮಾತು.

ಈ ಕೊಠಡಿಯಲ್ಲಿಯೂ ಥ್ಯಾಕ್‌ಸ್ಟೆಡ್ ಗ್ರಾಮದಲ್ಲಿದ್ದ ತನ್ನ ಮನೆಯಲ್ಲಿಯೂ ಕುಳಿತು, 1914ರಿಂದ ಮೊದಲ್ಗೊಂಡು, ಹೋಲ್ಸ್ಟನು ‘ಗ್ರಹಗಳು’ ಎಂಬ ಮಹಾಕೃತಿಯನ್ನು ರಚಿಸಿದನು. ಕುಜನಿಂದ ತೊಡಗಿ ನೆಪ್ಚೂನದಲ್ಲಿ ಮುಗಿಯುವ ಏಳು ಭಾಗಗಳು ಇದರಲ್ಲಿವೆ. ಈತನಿಗೆ ಪ್ರೇರಣೆಯನ್ನಿತ್ತುದು ಖಗೋಳಶಾಸ್ತ್ರವಲ್ಲ, ಫಲಜ್ಯೋತಿಷ. ಆದರೂ ರವಿಚಂದ್ರರು ಇದರಲ್ಲಿ ಇಲ್ಲ. ದೂರದರ್ಶಕ ಯಂತ್ರದಿಂದಲೇ ಕಾಣಬಂದ ಯುರೇನಸ್, ನೆಪ್ಚೂನಗಳು ಇವೆ. ಹೀಗೆ ಪ್ರಾಚೀನ ನಂಬಿಕೆಯೂ ನವೀನ ಶೋಧವೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಕೈಬೇನೆಯ ದೆಸೆಯಿಂದ ಇಷ್ಟು ದೊಡ್ಡ ಗ್ರಂಥವನ್ನು ತಾನೇ ಬರೆದು ಮುಗಿಸುವುದು ಅಸಾಧ್ಯವಾದಾಗ, ಅದೇ ಶಾಲೆಯ ಸಂಗೀತದ ಉಪಾಧ್ಯಾಯಿನಿಯರಾದ ವಾಲಿ ಲಾಸ್ಕರ್, ನೋರಾ ಡೇ ಎಂಬವರು ಲೇಖಕರಾಗಿ ನೆರವಾದರು. 1918ರ ಸೆಪ್ಟೆಂಬರ್ 29ರಂದು ಆಪ್ತರ ಮುಂದೆ ಅದನ್ನು ಮೊದಲ ಸಲ ನುಡಿಸಿದಾಗ, ಕೊನೆಯ ಭಾಗದಲ್ಲಿ ಮರೆಯಿಂದ ಕೇಳಿಬರುವ ಸ್ತ್ರೀಕಂಠಗಳಲ್ಲಿ ಈ ಶಾಲೆಯವರ ಕಂಠಗಳೂ ಇದ್ದುವು. ಆ ಹಾಡುಗಾರ್ತಿಯರು ಪಕ್ಕದ ಕೊಠಡಿಯಲ್ಲಿರಬೇಕೆಂದೂ, ಕಡೆಯಲ್ಲಿ ಬಾಗಿಲನ್ನು ಮೆಲ್ಲಮೆಲ್ಲನೆ ಮುಚ್ಚಬೇಕೆಂದೂ ಕೃತಿಕಾರನ ವಿಧಿಯುಂಟು.

ಇನ್ನು ವಿಜ್ಞಾನದ ಉಪಾಧ್ಯಾಯರ ಮಾತು. ಹೋಲ್ಸ್ಟನ ಹೆಸರಿಗೆ ಬಂದ ಪ್ರಸಿದ್ಧಿಯು ಹೊರಲೋಕದಲ್ಲಿ ಅವರ ಹೆಸರುಗಳಿಗೆ ಬರಲಿಲ್ಲ. ಹಾಡು ಹಾಡಿದವನ ಹೆಸರಿನೊಡನೆ ಉಳಿಯುವುದು; ಪ್ರಯೋಗಶಾಲೆಯಲ್ಲಿ ಹೇಳಿಕೊಟ್ಟ ಪಾಠವು ಶಿಷ್ಯರಲ್ಲಿ ಕರಗಿಹೋಗುವುದು. ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಬಾಲಿಕೆಯರಿಗೆ ಕ್ರಮವಾಗಿ ಕಲಿಸುವ ಶಾಲೆಗಳು ಆ ಕಾಲದ ಲಂಡನ್ನಿನಲ್ಲಿ ವಿರಳವಾಗಿದ್ದುವು, ಅಂತಹವುಗಳಲ್ಲಿ ಇದೊಂದು. ಅವರು ಎಂತಹ ಗುರುಗಳಾಗಿದ್ದರೆಂಬುದನ್ನು ಶಿಷ್ಯೆಯರಿಂದಲೇ ತಿಳಿಯಬೇಕು.

ಸಿಸಿಲಿಯಾ ಪೇನ್ ಎಂಬ ಹುಡುಗಿಯು ಮೊದಲು ಓದುತ್ತಿದ್ದ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಸಾಕಷ್ಟು ಅವಕಾಶವಿಲ್ಲದುದರಿಂದ 1918ರಲ್ಲಿ ಇಲ್ಲಿಗೆ ಬಂದು ಸೇರಿದಳು. ಆಕೆಯ ಸಂಗೀತಶಕ್ತಿಯನ್ನು ಕಂಡು ಹೋಲ್ಸ್ಟನು ಸಂಗೀತವನ್ನೇ ವೃತ್ತಿಯನ್ನಾಗಿ ಕೈಗೊಳ್ಳೆಂದು ಒತ್ತಾಯಪಡಿಸಿದನು. ಅಷ್ಟು ದೊಡ್ಡ ಗುರುವು ಕರೆದಾಗ ಒಲ್ಲೆನೆನ್ನುವುದು ಸಣ್ಣ ಮಾತಲ್ಲ. ಆಕೆ ಒಲ್ಲೆನೆಂದಳು, ಮರುವರ್ಷವೇ ವಿದ್ಯಾರ್ಥಿವೇತನವನ್ನು ಗಳಿಸಿ ಸಸ್ಯ, ಭೌತ, ರಸಾಯನಶಾಸ್ತ್ರಗಳನ್ನು ಓದಲು ಕೇಂಬ್ರಿಜ್ಜಿಗೆ ಹೋದಳು. ಸ್ತ್ರೀಯರಿಗೆ ಆ ವಿಶ್ವವಿದ್ಯಾಲಯವು ಪೂರ್ಣ ಪದವಿಯನ್ನು ಕೊಡತೊಡಗಿದ್ದು 1948ರಲ್ಲಿ. ಆದುದರಿಂದ ಆಕೆಯು 1923ರಲ್ಲಿ ಅಮೆರಿಕೆಯ ಹಾರ್ವರ್ಡ್ ವೇಧಶಾಲೆಯನ್ನು ಸೇರಿ, 1925ರ ತನ್ನ ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಜಲಜನಕವೇ ಇತರ ಧಾತುಗಳಿಗಿಂತ ಅತ್ಯಧಿಕವಾಗಿರುವುದೆಂದು ಲೆಕ್ಕದಿಂದ ತೋರಿಸಿದಳು. ಹೆನ್ರಿ ನಾರಿಸ್ ರಸೆಲ್ ಎಂಬ ಹಿರಿಯ ಪಂಡಿತನು ಅದನ್ನು ಒಪ್ಪದೆ ಹೋದುದರಿಂದ, ತಾನು ಕಂಡ ಫಲವು ನಿಜವಾಗಿರಲಾರದೆಂದು ಆಕೆಯೇ ಬರೆಯಬೇಕಾಯಿತು. ನಾಲ್ಕು ವರ್ಷಗಳ ತರುವಾಯ ರಸೆಲ್ಲನೇ ಬೇರೆ ದಾರಿಯಿಂದ ಅದೇ ನಿರ್ಣಯಕ್ಕೆ ಬಂದನು. ಗ್ರಹಗಳನ್ನು ಹಾಡಿದ ಗುರುವಿನ ಶಿಷ್ಯೆಯು ನಕ್ಷತ್ರಗಳ ದ್ರವ್ಯವನ್ನು ಕಂಡುಹಿಡಿದಳು. ಆದರೆ ಅದಕ್ಕೆ ಆತನ ಮಾತನ್ನು ಮೀರಬೇಕಾಯಿತು.

ಎರಡನೆಯವಳ ಕಥೆಯು ಇದಕ್ಕೆ ತೀರ ವಿರುದ್ಧವಾದುದು. 1932ರ ಆರಂಭದಲ್ಲಿ ಶಾಲೆಗೆ ಬಂದ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಬಾಲಿಕೆಯು ವಿಜ್ಞಾನ, ಲ್ಯಾಟಿನ್, ಆಟೋಟ—ಎಲ್ಲದರಲ್ಲಿಯೂ ಮುಂದು. ಸಂಗೀತದಲ್ಲಿ ಮಾತ್ರ ಹಿಂದು. ಹೋಲ್ಸ್ಟನು ಅವಳ ತಾಯಿಯನ್ನು ಕಂಡು, ಮಗುವಿಗೆ ಕಿವಿಯ ದೋಷವೇನಾದರೂ ಉಂಟೋ, ಗಂಟಲಿನ ಗ್ರಂಥಿಗಳ ರೋಗವಿದ್ದಿತೋ ಎಂದು ವಿಚಾರಿಸಿದನೆಂದು ಹೇಳುವರು. ಇದನ್ನು ಕೇಳಿ ನಗುವವರುಂಟು. ಹಾಡಲು ಬಾರದ ಹುಡುಗಿಯನ್ನು ಜಡಮತಿಯೆಂದು ತಳ್ಳಿಹಾಕದೆ, ದೇಹದಲ್ಲೇನಾದರೂ ತೊಂದರೆಯಿದೆಯೋ ಎಂದು ಮೊದಲು ಶಂಕಿಸಿದ ಆಚಾರ್ಯನು ನಗೆಗೀಡಾಗತಕ್ಕವನಲ್ಲ. ಮುಂದೆ 1952ರಲ್ಲಿ ಈಕೆಯ ಮಾರ್ಗದರ್ಶನದಲ್ಲಿ ಎಕ್ಸ್-ಕಿರಣಗಳಿಂದ ತೆಗೆದ ಛಾಯಾಚಿತ್ರವು ಪ್ರಾಣಿಗಳ ವಂಶಗುಣವನ್ನು ಹೊರುವ ಡಿ.ಎನ್.ಎ. ಎಂಬ ದ್ರವ್ಯದ ರಚನೆಯನ್ನು ತಿಳಿಯಲು ಮುಖ್ಯ ಸಾಧನವಾಯಿತು. 1958ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿಯೇ, ಆಕೆ ತೀರಿಕೊಂಡಳು. ಆ ರಚನೆಯ ಶೋಧಕ್ಕಾಗಿ 1962ರಲ್ಲಿ ನೊಬೆಲ್ ಪಾರಿತೋಷಕವು ಇತರ ಮೂವರಿಗೆ ಸಂದಿತು.

ಹೋಲ್ಸ್ಟನು 1933ರಲ್ಲಿ, ಆರೋಗ್ಯವು ಕೆಟ್ಟಿದ್ದಾಗಲೂ, ಶಾಲೆಯ ಕಿರಿಯರ ವಾದ್ಯಮೇಳಕ್ಕಾಗಿ ‘ಬ್ರೂಕ್ ಗ್ರೀನ್ ಸ್ವೀಟ್’ ಎಂಬ ಸಣ್ಣ ಕೃತಿಯೊಂದನ್ನು ಬರೆದುಕೊಟ್ಟನು. 1934ರ ಮೇ 25ರಂದು ದಿವಂಗತನಾದನು. ಆಗ ಹದಿಮೂರು ವರ್ಷದವಳಾಗಿದ್ದ ಫ್ರಾಂಕ್ಲಿನ್ನಳು ಇನ್ನೂ ನಾಲ್ಕು ವರ್ಷ ಅದೇ ಶಾಲೆಯಲ್ಲಿ ಓದಿ, 1938ರಲ್ಲಿ ವರ್ಷಕ್ಕೆ 30 ಪೌಂಡುಗಳಂತೆ ಮೂರು ವರ್ಷದ ವೇತನವನ್ನು ಗಳಿಸಿ, ಪೇನಳು ಓದಿದ ನ್ಯೂನಮ್ ಕಾಲೇಜಿಗೇ ಹೊರಟಳು. ಆ ಹಣವನ್ನು ನಿರಾಶ್ರಿತ ವಿದ್ಯಾರ್ಥಿಯೊಬ್ಬನಿಗೆ ಕೊಡೆಂದು ತಂದೆಯು ಆಕೆಗೆ ಹೇಳಿದನು.