ತೂಕದ ಕಾಟಾ ಮತ್ತು ಪೈಲ್ವಾನರ ತಟ್ಟೆ: ಗಡಿನಾಡಿನ ಕುಸ್ತಿಯಲ್ಲಿ ಆಹಾರ ಸೇವನೆಯ ಕಾಯಿಲೆ

ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗ ಸೀಮೆಗೆ ಕುಸ್ತಿ ಹೊಸದಲ್ಲ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟರು, ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ಜಾತ್ರೆಯ ಕೆಮ್ಮಣ್ಣಿನ ಕಣದಲ್ಲಿ ಇಂದಿಗೂ ಮೈಕಟ್ಟು, ಹೆಸರು ನೋಡಿ ಜೋಡಿ ಹಚ್ಚುತ್ತಾರೆ. ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸುವುದೇ ಅಲ್ಲಿನ ಶಿಸ್ತು. ತೂಕದ ವರ್ಗಗಳಿರುವ ಮ್ಯಾಟ್ ಕುಸ್ತಿಯಲ್ಲಿ ಶಿಸ್ತೆಂದರೆ ಮೈ ಇಳಿಸುವುದು.

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ಫೈನಲ್‌ಗೆ ಅನರ್ಹರಾದದ್ದು ಬರೀ 100 ಗ್ರಾಂ ಹೆಚ್ಚಾದದ್ದಕ್ಕೆ. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿದರೂ ತೂಕ ಹೊಂದಲಿಲ್ಲ. ಅದೇ ಕೂಟದಲ್ಲಿ ಕಂಚು ಗೆದ್ದ ಅಮನ್ ಸೆಹ್ರಾವತ್ ಸುಮಾರು ಹತ್ತು ತಾಸಿನಲ್ಲಿ 4.6 ಕೆ.ಜಿ. ಇಳಿಸಿದ್ದರು. ಇವೆರಡೂ ಆಹಾರ ಸೇವನೆಯ ಕಾಯಿಲೆಯ ನಿದರ್ಶನಗಳಲ್ಲ. ತೂಕದ ನಿಯಮ ಹೇರುವ ಒತ್ತಡಕ್ಕೆ ಸಾಕ್ಷಿ. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು ಮತ್ತು ಸೌನಾ ಬಳಕೆಗೆ ನಿಷೇಧ ಬಂತು.

ಪಂದ್ಯ ಮುಗಿದರೂ ಉಪವಾಸ ಮುಗಿಯದಿದ್ದರೆ ಕಾಯಿಲೆಯೆಂದು ಅನುಮಾನಿಸಬೇಕು.

ಗುರುತುಗಳು ಗರಡಿಯಲ್ಲೇ ಕಾಣುತ್ತವೆ. ಹುಡುಗ ಜೊತೆಯವರೊಂದಿಗೆ ಉಣ್ಣಲು ಒಲ್ಲೆನ್ನುತ್ತಾನೆ. ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಾನೆ. ಬೆರಳು ಹಾಕಿ ವಾಂತಿ ಮಾಡುವವರ ಗೆಣ್ಣುಗಳ ಮೇಲೆ ಹಲ್ಲು ತಾಗಿದ ಗಾಯದ ಕಲೆಗಳಿರಬಹುದು, ದವಡೆಯ ಪಕ್ಕ ಊದಿರಬಹುದು, ಹಲ್ಲಿನ ಹೊಳಪು ಹೋಗಿರಬಹುದು. ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ. ಎಲುಬಿನಲ್ಲಿ ಸಣ್ಣ ಬಿರುಕುಗಳು ಮರುಕಳಿಸುತ್ತವೆ. ತೂಕ ಸರಿಯಿದ್ದರೂ ಕಾಯಿಲೆ ಇರಬಹುದು. ಪದೇಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ವ್ಯಾಯಾಮದ ವೆಚ್ಚಕ್ಕೆ ತಕ್ಕಷ್ಟು ಆಹಾರ ಸಿಗದಾಗ ಎಲುಬು, ಹಾರ್ಮೋನು, ರೋಗನಿರೋಧಕ ಶಕ್ತಿ ಎಲ್ಲವೂ ಕುಗ್ಗುತ್ತವೆ ಎಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ವಿವರಿಸಿ, 2023ರಲ್ಲಿ ಪರಿಷ್ಕರಿಸಿತು. ಈ ಕೊರತೆ ಗಂಡಸರನ್ನೂ ಬಿಡುವುದಿಲ್ಲ.

ಚಿಕಿತ್ಸೆ ಒಬ್ಬರ ಕೆಲಸವಲ್ಲ. ವೈದ್ಯರು ನಾಡಿ, ರಕ್ತ, ಇಸಿಜಿ ನೋಡಬೇಕು. ಆಹಾರತಜ್ಞರು ಊಟವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಮನೋತಜ್ಞರು ತೂಕದ ಭಯವನ್ನು ಬಿಡಿಸಬೇಕು. ದೇಹ ಚೇತರಿಸಿಕೊಳ್ಳುವವರೆಗೆ ಪಂದ್ಯ ಬೇಡ. ರಾಯಬಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಕಾಯಿಲೆಯ ಗುರುತುಗಳು ಮೊದಲು ಕಣ್ಣಿಗೆ ಬೀಳುವುದು ಗರಡಿಯ ಗುರುಗಳಾದ ವಸ್ತಾದರಿಗೆ. ಬೈದರೆ ಹುಡುಗ ಮುಚ್ಚಿಡುತ್ತಾನೆ. ಒಬ್ಬನೇ ಇದ್ದಾಗ ಕೇಳಿದರೆ ಬಾಯಿ ಬಿಟ್ಟಾನು. ಮುರಿದ ಕೈಗೆ ರಜೆ ಕೊಡುವ ಗರಡಿಗಳು ಈ ಕಾಯಿಲೆಗೂ ರಜೆ ಕೊಡಲಿ, ಬೆಳೆಯುವ ಮಕ್ಕಳನ್ನು ಕೆಳಗಿನ ತೂಕಕ್ಕೆ ಇಳಿಸುವುದನ್ನು ಈ ವರ್ಷವೇ ನಿಲ್ಲಿಸಲಿ.