ಹಲ್ ಪಟ್ಟಣದ ಅಜ್ಜಿಯರು ಕಂಡ ಜೆಪ್ಪೆಲಿನ್

ಮೊದಲನೆಯ ಮಹಾಯುದ್ಧ ಎಂದಾಕ್ಷಣ ನಮ್ಮ ಮಕ್ಕಳಿಗೆ ನೆನಪಾಗುವುದು ಸರಜೇವೊದ ಕೊಲೆ, ಕಂದಕಗಳಲ್ಲಿ ನಡೆದ ಕಾಳಗ, ಕೊನೆಗೆ ವರ್ಸೇಲ್ಸ್ ಒಪ್ಪಂದ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಯುದ್ಧಭೂಮಿಯಿಂದ ನೂರಾರು ಮೈಲಿ ದೂರದಲ್ಲಿ, ತಮ್ಮ ಮನೆಗಳಲ್ಲಿ ಮಲಗಿದ್ದ ಹೆಂಗಸರು ಮಕ್ಕಳ ಮೇಲೆ ಆಕಾಶದಿಂದ ಬಾಂಬು ಬಿದ್ದದ್ದೂ ಅದೇ ಯುದ್ಧದಲ್ಲಿ. ಇಂಗ್ಲೆಂಡಿನ ಹಲ್ ಎಂಬ ಪಟ್ಟಣದ ಕುಟುಂಬಗಳಲ್ಲಿ ಆ ರಾತ್ರಿಗಳ ನೆನಪು ಅಜ್ಜಿಯಿಂದ ಮೊಮ್ಮಕ್ಕಳಿಗೆ ಹರಿದುಬಂದಿದೆ. ಆ ನೆನಪುಗಳಲ್ಲಿ ಉಳಿದದ್ದು ಏನು, ಬಿಟ್ಟುಹೋದದ್ದು ಏನು ಎಂದು ನಾವು ಇಲ್ಲಿ ನೋಡೋಣ.

ಹಲ್ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಹಂಬರ್ ನದಿ ಸಮುದ್ರ ಸೇರುವ ಅಳಿವೆಯ ದಡದಲ್ಲಿ. ಹಡಗುಕಟ್ಟೆ, ಮೀನುಗಾರಿಕೆ, ಎಣ್ಣೆ ಗಿರಣಿಗಳ ಊರು. ಆಗ ಅಲ್ಲಿ ಸುಮಾರು 2.8 ಲಕ್ಷ ಜನರಿದ್ದರು. ಎದುರಿಗೆ ಉತ್ತರ ಸಮುದ್ರ, ಸಮುದ್ರದ ಆಚೆಗೆ ಜರ್ಮನಿ.

ಜರ್ಮನಿಯ ಕೈಯಲ್ಲಿದ್ದ ಹೊಸ ಆಯುಧ ಜೆಪ್ಪೆಲಿನ್ ವಾಯುನೌಕೆ. ಹಗುರವಾದ ಲೋಹದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಒಳಗೆ ಸಾಲಾಗಿ ಜಲಜನಕ ಅನಿಲದ ಚೀಲಗಳು. ಆ ಚೀಲಗಳಿಂದ ಅನಿಲ ಸೋರದಂತೆ ದನದ ಕರುಳಿನ ಪೊರೆಯನ್ನು ಪದರ ಪದರವಾಗಿ ಅಂಟಿಸುತ್ತಿದ್ದರು. ಒಂದು ನೌಕೆಗೆ ಲಕ್ಷಗಟ್ಟಲೆ ದನಗಳ ಕರುಳು ಬೇಕಾಗುತ್ತಿತ್ತು. ಹಲ್ ಮೇಲೆ ಬಂದ ಎಲ್-9 ಎಂಬ ನೌಕೆಯ ಉದ್ದ 150 ಮೀಟರಿಗಿಂತ ಹೆಚ್ಚು. ಒಂದೂವರೆ ಫುಟ್‌ಬಾಲ್ ಮೈದಾನದಷ್ಟು ಉದ್ದದ ವಸ್ತುವೊಂದು ತಲೆಯ ಮೇಲೆ ನಿಧಾನವಾಗಿ, ಗುಂಯ್‌ಗುಡುತ್ತಾ ಸಾಗುವುದನ್ನು ಊಹಿಸಿಕೊಳ್ಳಿ. ವಿಮಾನವನ್ನೇ ಸರಿಯಾಗಿ ನೋಡಿರದ ಕಾಲ ಅದು.

1915ರ ಜೂನ್ 6, ಭಾನುವಾರ. ನಡುರಾತ್ರಿಯ ಹೊತ್ತಿಗೆ ಹೈನ್‌ರಿಶ್ ಮಾಥಿ ಎಂಬ ಅಧಿಕಾರಿಯ ನೇತೃತ್ವದಲ್ಲಿ ಎಲ್-9 ಊರಿನ ಮೇಲೆ ಬಂತು. ಸಿಡಿಯುವ ಬಾಂಬು, ಬೆಂಕಿ ಹಚ್ಚುವ ಬಾಂಬು ಎರಡನ್ನೂ ಸುರಿಯಿತು. ಹಳೆಯ ಪೇಟೆಯಲ್ಲಿ ಹೋಲಿ ಟ್ರಿನಿಟಿ ಚರ್ಚಿನ ಹತ್ತಿರವಿದ್ದ ದೊಡ್ಡ ಬಟ್ಟೆ ಅಂಗಡಿಯೊಂದು ಸುಟ್ಟು ಬೂದಿಯಾಯಿತು, ಚರ್ಚು ಉಳಿಯಿತು. ಕಾರ್ಮಿಕರ ಕೇರಿಗಳಲ್ಲಿ ಮನೆಗಳು ಕುಸಿದವು. ಸತ್ತವರು ಸುಮಾರು 24 ಮಂದಿ, ಅವರಲ್ಲಿ ಮಕ್ಕಳೂ ಇದ್ದರು. ಮೈಗೆ ಬಾಂಬು ತಗುಲದೆ ಬರಿಯ ಭಯದ ಆಘಾತಕ್ಕೆ ಪ್ರಾಣಬಿಟ್ಟವರೂ ಉಂಟು. ಊರಿಗೆ ಹೇಳಿಕೊಳ್ಳುವಂಥ ರಕ್ಷಣೆಯೇ ಇರಲಿಲ್ಲ. ದುರಸ್ತಿಗೆ ಬಂದು ನಿಂತಿದ್ದ ಯುದ್ಧನೌಕೆಯೊಂದರ ತೋಪುಗಳು ಮಾತ್ರ ಗುಂಡು ಹಾರಿಸಿದವು.

ಮರುದಿನದ ಪತ್ರಿಕೆಗಳಲ್ಲಿ ಹಲ್ ಎಂಬ ಹೆಸರು ಬರಲಿಲ್ಲ. ಎಲ್ಲಿ ಬಾಂಬು ಬಿತ್ತೆಂದು ಶತ್ರುವಿಗೆ ತಿಳಿಯಬಾರದೆಂದು ಸರ್ಕಾರ ಊರಿನ ಹೆಸರನ್ನು ತಡೆಹಿಡಿಯುತ್ತಿತ್ತು. ಪೂರ್ವ ಕರಾವಳಿಯ ಯಾವುದೋ ಒಂದು ಕಡೆ ಎಂಬಂತೆ ಸುದ್ದಿ ಹೊರಬೀಳುತ್ತಿತ್ತು. ತನ್ನ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ತನ್ನ ಊರಿನ ಹೆಸರೇ ಪತ್ರಿಕೆಯಲ್ಲಿ ಕಾಣಲಿಲ್ಲ. ಬರಹದಲ್ಲಿ ಜಾಗ ಸಿಗದ ಸಂಗತಿಗಳನ್ನು ಮನೆಮಾತು ಉಳಿಸಿಕೊಂಡಿತು.

ಆ ಮನೆಮಾತಿನಲ್ಲಿ ಏನೇನಿದೆ? ಎಚ್ಚರಿಕೆಗೆ ಊದುತ್ತಿದ್ದ ಕಾರ್ಖಾನೆಯ ಕೂಗುಕೊಳವೆಗಳ ಸದ್ದಿದೆ. ವಿದ್ಯುತ್ ಕೇಂದ್ರದ ಕೊಳವೆಗೆ ಜನ 'ಬಿಗ್ ಲಿಜ್ಜಿ' ಎಂದು ಹೆಸರಿಟ್ಟಿದ್ದರು. ಅದು ಕೂಗಿದರೆ ದೀಪ ಆರಿಸಿ ಮೇಜಿನ ಕೆಳಗೋ ಮೆಟ್ಟಿಲಿನ ಅಡಿಗೋ ಸೇರಿಕೊಳ್ಳುವುದು. ಕೆಲವರು ಕೈಕೂಸನ್ನು ಎತ್ತಿಕೊಂಡು ಊರ ಹೊರಗಿನ ಹೊಲಗಳಿಗೆ ನಡೆದುಹೋಗಿ, ಬೇಲಿಯ ಮರೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆ ಮತ್ತೆ ಕೆಲಸಕ್ಕೆ ಹಾಜರಾಗುತ್ತಿದ್ದರು.

ಮನೆಮಾತಿನಲ್ಲಿ ಅಷ್ಟಾಗಿ ಕೇಳಿಬರದ ಇನ್ನೊಂದು ಸಂಗತಿಯಿದೆ. ಹಲ್‌ನಲ್ಲಿ ಜರ್ಮನ್ ಮೂಲದ ಹಲವು ಕುಟುಂಬಗಳು ನೆಲೆಸಿದ್ದವು. ಜರ್ಮನಿಯ ನೈರುತ್ಯದ ಹಳ್ಳಿಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದು ಹಂದಿಮಾಂಸದ ಅಂಗಡಿ ಇಟ್ಟವರು. ಅವರ ಮಕ್ಕಳು ಹುಟ್ಟಿದ್ದೂ ಓದಿದ್ದೂ ಹಲ್‌ನಲ್ಲಿಯೇ. 1915ರ ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗು ಮುಳುಗಿದಾಗಲೇ ಅವರ ಮೇಲೆ ಜನರ ಕಣ್ಣು ಕೆಂಪಾಗಿತ್ತು. ಬಾಂಬು ಬಿದ್ದ ಮೇಲೆ ಗುಂಪುಗಳು ಹೊರಟು ಆ ಅಂಗಡಿಗಳ ಗಾಜು ಒಡೆದವು, ಸಾಮಾನು ದೋಚಿದವು. ನಿನ್ನೆಯವರೆಗೂ ಅಲ್ಲಿಯೇ ಮಾಂಸ ಕೊಳ್ಳುತ್ತಿದ್ದ ಜನ ಇವರು! ಒಂದು ಕುಟುಂಬವಂತೂ ಬೆದರಿಕೆ ಪತ್ರಗಳನ್ನು ತಾಳಲಾರದೆ ತಮ್ಮ ಮನೆತನದ ಹೆಸರನ್ನೇ ಬದಲಿಸಿಕೊಂಡಿತು. ಜೆಪ್ಪೆಲಿನ್ ಕಳಿಸಿದವನು ಬರ್ಲಿನ್‌ನಲ್ಲಿದ್ದ, ಪೆಟ್ಟು ಬಿದ್ದದ್ದು ಪಕ್ಕದ ಬೀದಿಯವನಿಗೆ. ಗಡಿನಾಡಿನಲ್ಲಿ ಎರಡು ಮೂರು ಭಾಷೆಗಳ ನಡುವೆ ಬದುಕುವ ನಮಗೆ ಇದರ ನೋವು ಬೇಗ ಅರ್ಥವಾಗುತ್ತದೆ. 'ಬಾಂಬು ಬಿದ್ದಾಗ ನಾನು ಮೆಟ್ಟಿಲ ಕೆಳಗಿದ್ದೆ' ಎಂದು ಹೇಳಲು ಯಾರಿಗೂ ಸಂಕೋಚವಿಲ್ಲ. 'ಅಂಗಡಿ ಒಡೆದ ಗುಂಪಿನಲ್ಲಿ ನಾನೂ ಇದ್ದೆ' ಎಂದು ಮೊಮ್ಮಕ್ಕಳಿಗೆ ಹೇಳುವುದು ಸುಲಭವಲ್ಲ.

1916ರ ಮಾರ್ಚ್ 5ರ ರಾತ್ರಿ ಎಲ್-11 ಮತ್ತು ಎಲ್-14 ಎಂಬ ಎರಡು ನೌಕೆಗಳು ಬಂದವು. ಮತ್ತೆ 17ಕ್ಕೂ ಹೆಚ್ಚು ಸಾವು. ಒಂಬತ್ತು ತಿಂಗಳಾದರೂ ಊರಿಗೆ ಸರಿಯಾದ ತೋಪುಗಳು ಬಂದಿರಲಿಲ್ಲ. ಜನರ ಸಮಾಧಾನಕ್ಕೆಂದು ಕಾರ್ಖಾನೆಯೊಂದರ ಚಾವಣಿಯ ಮೇಲೆ ಮರದ ಬೊಂಬೆ ತೋಪನ್ನು ನಿಲ್ಲಿಸಿದ್ದರಂತೆ! ಈ ಸಲ ಜನರ ಸಿಟ್ಟು ತಮ್ಮದೇ ಸೈನ್ಯದ ಕಡೆ ತಿರುಗಿತು. ವಾಯುದಳದ ವಾಹನದ ಮೇಲೆ ಕಲ್ಲು ತೂರಿದರು. ಆಮೇಲೆ ತೋಪುಗಳೂ ಶೋಧಕ ದೀಪಗಳೂ ಬಂದವು.

ವಾಯುನೌಕೆಗಳ ಭಯ ಇಳಿಯತೊಡಗಿದ್ದು 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ. ಲಂಡನ್ನಿನ ಉತ್ತರಕ್ಕೆ ಕಫ್ಲಿ ಎಂಬ ಹಳ್ಳಿಯ ಮೇಲೆ, ಬೆಂಕಿ ಹೊತ್ತಿಸುವ ಹೊಸ ಬಗೆಯ ಗುಂಡುಗಳಿಂದ ವಾಯುನೌಕೆಯೊಂದನ್ನು ಉರುಳಿಸಿದವರು ವಿಲಿಯಂ ಲೀಫ್ ರಾಬಿನ್ಸನ್. ಇವರು ಹುಟ್ಟಿದ್ದು ನಮ್ಮ ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ, 1895ರಲ್ಲಿ. ಬೆಂಗಳೂರಿನಲ್ಲಿಯೂ ಓದಿದ್ದರು. ಈ ಸಾಹಸಕ್ಕೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನೌಕೆಯಲ್ಲಿದ್ದ 16 ಮಂದಿಯೂ ಸತ್ತರು. ಹಲ್ ಮೇಲೆ ಮೊದಲು ಬಾಂಬು ಹಾಕಿದ ಮಾಥಿಯೂ ಮುಂದಿನ ತಿಂಗಳು ಅದೇ ರೀತಿ ಉರಿಯುವ ನೌಕೆಯೊಂದಿಗೆ ಪ್ರಾಣ ಕಳೆದುಕೊಂಡ. ಯುದ್ಧ ಮುಗಿಯುವಷ್ಟರಲ್ಲಿ ವಾಯುನೌಕೆಗಳ ಬಾಂಬಿಗೆ ಬ್ರಿಟನ್ನಿನಲ್ಲಿ 557 ಜನ ಬಲಿಯಾಗಿದ್ದರು.

ಕಾಲು ಶತಮಾನದ ನಂತರ, ಎರಡನೆಯ ಮಹಾಯುದ್ಧದಲ್ಲಿ, ಹಲ್ ಇನ್ನೂ ಭೀಕರವಾದ ದಾಳಿಗೆ ಸಿಕ್ಕಿ ಸುಮಾರು 1,200 ಜನರನ್ನು ಕಳೆದುಕೊಂಡಿತು. ಆಗಲೂ ಸುದ್ದಿಯಲ್ಲಿ ಅದು ಈಶಾನ್ಯ ಕರಾವಳಿಯ ಒಂದು ಊರು ಅಷ್ಟೆ. ಹೀಗಾಗಿ ಎರಡು ಯುದ್ಧಗಳ ನೆನಪು ಒಂದರೊಳಗೊಂದು ಬೆರೆತುಹೋಗುವುದು ಸಹಜ. ಬೇರ್ಪಡಿಸುವ ದಾರಿ ಇದೆ. ಕಥೆಯಲ್ಲಿ ಕಾರ್ಖಾನೆಯ ಕೂಗುಕೊಳವೆ, ಆಕಾಶದಲ್ಲಿ ಉದ್ದನೆಯ ಆಕಾರ ಬಂದರೆ ಅದು ಮೊದಲ ಯುದ್ಧದ್ದು. ಹಿತ್ತಲಲ್ಲಿ ಹೂತ ತಗಡಿನ ಆಸರೆ, ವಿಮಾನಗಳ ಹಿಂಡು ಬಂದರೆ ಎರಡನೆಯದು. ಅಜ್ಜಿಯ ಮಾತನ್ನು ಹೀಗೆ ಒರೆಗೆ ಹಚ್ಚಿದರೆ ಅಜ್ಜಿಗೆ ಅಗೌರವವಾಗುವುದಿಲ್ಲ, ಅವಳ ಮಾತಿನ ಬೆಲೆ ಹೆಚ್ಚುತ್ತದೆ.

ಶಿಕ್ಷಕ ಮಿತ್ರರು ಇದನ್ನು ತರಗತಿಯಲ್ಲಿ ಹೇಳುವುದಾದರೆ ಮಕ್ಕಳಿಗೆ ಒಂದು ಮನೆಕೆಲಸ ಕೊಡಬಹುದು. ಮನೆಯ ಹಿರಿಯರು ಕಂಡ ಒಂದು ದೊಡ್ಡ ಘಟನೆಯನ್ನು, ನೆರೆಯೋ ಬರವೋ ಗಲಾಟೆಯೋ, ಕೇಳಿ ಬರೆದು ತರಲಿ. 'ನಮಗೆ ಏನಾಯಿತು' ಎಂದು ಕೇಳಿದ ಮೇಲೆ 'ಆಗ ನಾವು ನೆರೆಮನೆಯವರಿಗೆ ಏನು ಮಾಡಿದೆವು' ಎಂದೂ ಕೇಳಲಿ. ಎರಡನೆಯ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ. ತಾಳ್ಮೆಯಿಂದ ಕಾಯಲು ಮಕ್ಕಳಿಗೆ ಹೇಳಿಕೊಡೋಣ.