ಅಶ್ವಮೇಧದ ಕುದುರೆ ನಿಂತ ಊರು: ತೆಂಗಿನ ಸೀಮೆಯ ಸ್ಥಳಪುರಾಣಗಳು

ಒಂದು ಊರನ್ನೋ ಕೆರೆಯನ್ನೋ ಗುಡಿಯನ್ನೋ ರಾಮಾಯಣ, ಮಹಾಭಾರತ, ಪುರಾಣಗಳ ಯಾವುದಾದರೊಂದು ಪ್ರಸಂಗಕ್ಕೆ ಗಂಟು ಹಾಕುವ ಕತೆಗೆ ಸ್ಥಳಪುರಾಣವೆಂದು ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲೂ ಅದಕ್ಕೆ ಅಂಟಿಕೊಂಡ ಗುಬ್ಬಿ, ತುಮಕೂರು ಕಡೆಯಲ್ಲೂ ಇಂಥ ಕತೆಗಳಿಗೆ ಬರವಿಲ್ಲ. ಕಣ್ಣಿಗೆ ಕಾಣುವುದರ ಹಿಂದೆ ಕಾಣದ ಕೈ ಯಾವುದು ಎಂಬ ಕುತೂಹಲವೇ ಇವುಗಳ ಬೇರು. ಕೆರೆ ಮಳೆಯಿಂದ ತುಂಬುತ್ತದೆ, ಸರಿ. ಇಲ್ಲೇ ಕೆರೆ ಕಟ್ಟಬೇಕೆಂದು ಯಾರಿಗೆ ತೋಚಿತು? ವಿಗ್ರಹವನ್ನು ಶಿಲ್ಪಿ ಕಡೆದ, ಸರಿ. ಆ ಕೈಗೆ ಅಂಥ ಶಕ್ತಿ ಎಲ್ಲಿಂದ ಬಂತು? ಉತ್ತರವಾಗಿ ಒಂದು ಶಾಪವೋ ವರವೋ ಹರಕೆಯೋ ಬರುತ್ತದೆ. ಅದರ ಇನ್ನೊಂದು ತುದಿ ಹಸ್ತಿನಾವತಿಯಲ್ಲೋ ಲಂಕೆಯಲ್ಲೋ ಇರುತ್ತದೆ. ಸರಣಿ ಸಿನಿಮಾ, ಸರಣಿ ಕಾದಂಬರಿಗಳ ಅಭಿಮಾನಿಗಳು ಇಂದು ಒಂದು ಕತೆಯ ಒಗಟನ್ನು ಇನ್ನೊಂದು ಕತೆಯ ಸುಳಿವಿನಿಂದ ಬಿಡಿಸಲು ತಲೆ ಕೆಡಿಸಿಕೊಳ್ಳುತ್ತಾರಲ್ಲ, ಆ ಕೆಲಸವನ್ನು ಇಲ್ಲಿನ ಜಗಲಿಗಳು ಬಹಳ ಹಿಂದೆಯೇ ಮಾಡಿ ಮುಗಿಸಿದ್ದವು.

ಹಾಗೆಂದು ಯಾರೂ ಮನಸ್ಸಿಗೆ ಬಂದಂತೆ ಕತೆ ಕಟ್ಟಲಿಲ್ಲ. ಮೂಲಕತೆಯನ್ನು ಮುರಿಯುವಂತಿರಲಿಲ್ಲ, ಅದು ಹೇಳದೆ ಬಿಟ್ಟ ಕಡೆ ಮಾತ್ರ ಕೈ ಹಾಕಬಹುದಿತ್ತು. ಮಹಾಭಾರತದಲ್ಲಿ ಅಂಥ ಬಿಡುವುಗಳು ಬೇಕಾದಷ್ಟಿವೆ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಹಿಡಿದ ದಾರಿ, ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ, ಎಲ್ಲಕ್ಕಿಂತ ಹೆಚ್ಚಾಗಿ ಯಾವ ರಾಜ್ಯಕ್ಕೆ ಬೇಕಾದರೂ ನುಗ್ಗಬಲ್ಲ ಅಶ್ವಮೇಧದ ಕುದುರೆ. ಕರ್ನಾಟಕದಲ್ಲಿ ಈ ಬಿಡುವುಗಳೆಲ್ಲ ಎಂದೋ ತುಂಬಿಹೋಗಿವೆ. ಹಿಡಿಂಬ ಚಿತ್ರದುರ್ಗದವನು, ಬಕಾಸುರ ಕೈವಾರದವನು, ವಿರಾಟನಗರ ಹಾನಗಲ್ಲು, ಚಂದ್ರಹಾಸನ ಕುಂತಳನಗರ ಸೊರಬದ ಕುಬಟೂರು. ಎಲ್ಲವನ್ನೂ ಒಂದೇ ನಕ್ಷೆಯ ಮೇಲಿಟ್ಟು ದಾರಿ ಅಳೆಯಹೊರಟರೆ ಪಾಂಡವರಿಗೆ ಸುತ್ತಾಟ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆದರೆ ಈ ನಕ್ಷೆಯನ್ನು ಯಾರೂ ಒಟ್ಟಾಗಿ ಬರೆದದ್ದಲ್ಲ. ಪ್ರತಿ ಊರೂ ತನ್ನ ಪಾಲಿನ ತುಂಡನ್ನು ತಾನೇ ಗುರುತಿಸಿಕೊಂಡಿತು.

ತೆಂಗಿನ ಸೀಮೆಯ ಪಾಲಿಗೆ ಬಂದದ್ದು ಅಶ್ವಮೇಧದ ಕುದುರೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮವೇ ಹಂಸಧ್ವಜ ಆಳಿದ ಚಂಪಕಾಪುರ ಎಂಬುದು ಹಳೆಯ ಪ್ರತೀತಿ. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ಹೆಸರಿನ ಹೋಲಿಕೆಯೊಂದರಿಂದಲೇ ಪ್ರತೀತಿ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಿದ್ದು ಜೈಮಿನಿ ಭಾರತ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ವಾರ್ಧಕ ಷಟ್ಪದಿಯ ಮೂವತ್ತನಾಲ್ಕು ಸಂಧಿಗಳಲ್ಲಿ ಬರೆದ ಈ ಕಾವ್ಯವನ್ನು ಹಳ್ಳಿಗಳಲ್ಲಿ ರಾಗವಾಗಿ ಓದಿ ಅರ್ಥ ಹೇಳುವ ರೂಢಿಯಿತ್ತು. ಸುಧನ್ವನ ಕಾಳಗ ಯಕ್ಷಗಾನಕ್ಕೂ ತಾಳಮದ್ದಲೆಗೂ ಅಚ್ಚುಮೆಚ್ಚಿನ ಪ್ರಸಂಗ. ಅಕ್ಷರ ಬಾರದವರಿಗೂ ಚಂಪಕಾಪುರದ ಯುದ್ಧ ಚೆನ್ನಾಗಿ ಗೊತ್ತಿತ್ತು.

ಕತೆ ಹೀಗಿದೆ. ಧರ್ಮರಾಯನ ಕುದುರೆಯನ್ನು ಹಂಸಧ್ವಜ ಕಟ್ಟಿಹಾಕುತ್ತಾನೆ. ಪಾಂಡವರ ಮೇಲೆ ಅವನಿಗೆ ದ್ವೇಷವಿಲ್ಲ. ಕುದುರೆ ಕಟ್ಟಿದರೆ ಅರ್ಜುನ ಬರುತ್ತಾನೆ, ಅರ್ಜುನನಿಗೆ ಕಷ್ಟ ಬಂದರೆ ಕೃಷ್ಣ ಬರುತ್ತಾನೆ ಎಂಬುದೇ ಒಳಗಿನ ಲೆಕ್ಕ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ರಾಜಾಜ್ಞೆ. ತಡವಾದದ್ದು ರಾಜನ ಮಗ ಸುಧನ್ವನಿಗೇ. ಹೆಂಡತಿ ಪ್ರಭಾವತಿ ಅವನನ್ನು ತಡೆದಿದ್ದಳು. ಮಗನೆಂದು ರಾಜ ಹಿಂದೆಗೆದಾನೆಂದು ಪುರೋಹಿತರಾದ ಶಂಖ, ಲಿಖಿತರು ಪಟ್ಟು ಹಿಡಿಯುತ್ತಾರೆ. ಸುಧನ್ವ ಹರಿನಾಮ ನೆನೆಯುತ್ತ ಎಣ್ಣೆಗಿಳಿದರೆ ಮೈಗೆ ಬಿಸಿ ತಾಗುವುದಿಲ್ಲ. ಎಣ್ಣೆ ಕಾದಿಲ್ಲವೋ, ಮೈಗೇನಾದರೂ ಮದ್ದು ಹಚ್ಚಿದ್ದಾನೋ ಎಂದು ಶಂಖನಿಗೆ ಗುಮಾನಿ. ಪರೀಕ್ಷೆಗೆಂದು ಒಂದು ತೆಂಗಿನಕಾಯಿಯನ್ನು ಕೊಪ್ಪರಿಗೆಗೆ ಹಾಕಿಸುತ್ತಾನೆ. ಕಾಯಿ ಸಿಡಿದು ಎರಡು ಹೋಳಾಗಿ, ಒಂದು ಶಂಖನ ಹಣೆಗೂ ಇನ್ನೊಂದು ಲಿಖಿತನ ಹಣೆಗೂ ಬಡಿಯುತ್ತದೆ.

ಈ ಹೋಳುಗಳು ಸಂಪಿಗೆಯ ಪಕ್ಷಕ್ಕೆ ಸಾಕ್ಷಿಯಾದವೆಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಸುತ್ತ ತೋಟಗಳಿರುವ ಊರಿನಲ್ಲಿ ಕೂತು ಈ ಭಾಗವನ್ನು ಕೇಳುವವರಿಗೆ ಪವಾಡ ಯಾವುದು, ಪವಾಡವಲ್ಲದ್ದು ಯಾವುದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರು ತುಂಬಿದ ಕಾಯಿ ಕಾದ ಎಣ್ಣೆಗೆ ಬಿದ್ದರೆ ಒಳಗಿನ ನೀರು ಆವಿಯಾಗಿ ಕರಟ ಒಡೆಯುವುದು ಸಹಜ. ಎಣ್ಣೆ ನಿಜಕ್ಕೂ ಕಾದಿತ್ತು ಎಂಬುದಕ್ಕೆ ಅದೇ ಪುರಾವೆ. ಹೋಳುಗಳು ಗುರಿಯಿಟ್ಟಂತೆ ಇಬ್ಬರ ಹಣೆಯನ್ನೇ ಹುಡುಕಿಕೊಂಡು ಹೋದದ್ದು ಮಾತ್ರ ಬೇರೆ ಶಕ್ತಿಯ ಕೆಲಸ.

ಮುಂದಿನ ಕಾಳಗದಲ್ಲಿ ಆ ಶಕ್ತಿ ಮುಖಾಮುಖಿಯಾಗಿಯೇ ಬರುತ್ತದೆ. ಮೂರು ಬಾಣಗಳಲ್ಲಿ ಸುಧನ್ವನನ್ನು ಕೊಲ್ಲುತ್ತೇನೆಂದು ಅರ್ಜುನ ಪ್ರತಿಜ್ಞೆ ಮಾಡಿದರೆ, ಮೂರನ್ನೂ ಕತ್ತರಿಸುತ್ತೇನೆಂದು ಸುಧನ್ವ ಮಾಡುತ್ತಾನೆ. ಕೃಷ್ಣ ತನ್ನ ಪುಣ್ಯವನ್ನು ಬಾಣಗಳಿಗೆ ತುಂಬುತ್ತಾನೆ. ಮೊದಲ ಬಾಣಕ್ಕೆ ಗೋವರ್ಧನ ಗಿರಿ ಎತ್ತಿದ ಪುಣ್ಯ, ಅದು ತುಂಡಾಗುತ್ತದೆ. ಎರಡನೆಯದೂ ತುಂಡಾಗುತ್ತದೆ. ಕೊನೆಯದಕ್ಕೆ ರಾಮಾವತಾರದ ಪುಣ್ಯ. ಸುಧನ್ವನ ಬಲವೆಲ್ಲ ಇರುವುದು ಏಕಪತ್ನೀವ್ರತದಲ್ಲಿ. ಆ ಲೆಕ್ಕದಲ್ಲಿ ಕೃಷ್ಣನಾಗಿ ಅವನಿಗೆ ಸಾಟಿಯಿಲ್ಲ, ಆದ್ದರಿಂದ ಹಿಂದಿನ ಅವತಾರದ ಗಳಿಕೆಗೆ ಕೈ ಹಾಕಬೇಕಾಯಿತು ಎಂದು ಓದಿದರೆ ಪ್ರಸಂಗ ಚೆನ್ನಾಗಿ ತೆರೆದುಕೊಳ್ಳುತ್ತದೆ. ಆ ಬಾಣವನ್ನೂ ಸುಧನ್ವ ಕತ್ತರಿಸುತ್ತಾನೆ. ಕತ್ತರಿಸಿದ ಅರ್ಧ ಮುಂದೆ ಹಾರಿ ಅವನ ತಲೆ ತೆಗೆಯುತ್ತದೆ. ಇಬ್ಬರ ಮಾತೂ ಉಳಿಯಿತು. ಭಾಗವತದಲ್ಲಿ ಗಳಿಸಿದ್ದು, ರಾಮಾಯಣದಲ್ಲಿ ಗಳಿಸಿದ್ದು ಎರಡೂ ಭಾರತದ ಯುದ್ಧದಲ್ಲಿ ಖರ್ಚಾದವು. ಪುರಾಣಗಳೆಲ್ಲ ಒಂದೇ ಲೋಕವೆಂಬ ನಂಬಿಕೆ ಇಷ್ಟು ನೇರವಾಗಿ ಕೆಲಸ ಮಾಡುವ ಪ್ರಸಂಗಗಳು ಕಡಿಮೆ.

ತುರುವೇಕೆರೆಯ ನೆರೆಯಲ್ಲಿ, ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಶಿಂಷಾ ನದಿಗೆ ಅಡ್ಡ ಕಟ್ಟಿದ ದೊಡ್ಡ ಕೆರೆಯಿದೆ. ಇದು ಕದಂಬ ಋಷಿಯ ಆಶ್ರಮವಿದ್ದ ಜಾಗ; ಲಂಕೆಯಿಂದ ಹಿಂದಿರುಗುವಾಗ ರಾಮ ಇಲ್ಲಿ ತಂಗಿದ್ದ, ಸೀತೆ ಕೇಳಿದ್ದಕ್ಕೆ ಕೆರೆ ಕಟ್ಟಿಸಿದ ಎಂಬುದು ಸ್ಥಳದ ಕತೆ. ಪುಷ್ಪಕವಿಮಾನದಲ್ಲಿ ಹಾರಿ ಹೋದವನು ಕಡಬದಲ್ಲಿ ಇಳಿದದ್ದು ಹೇಗೆ ಎಂದು ಕೇಳುವವರಿಗೆ ವಾಲ್ಮೀಕಿಯಲ್ಲೇ ಆಧಾರವಿದೆ: ವಾನರ ಸ್ತ್ರೀಯರನ್ನೂ ಕರೆದೊಯ್ಯೋಣವೆಂದು ಸೀತೆ ಕೇಳಿದ್ದಕ್ಕೆ ವಿಮಾನ ಕಿಷ್ಕಿಂಧೆಯಲ್ಲಿ ನಿಂತಿತ್ತು. ಸೀತೆ ಕೇಳುವುದು, ವಿಮಾನ ನಿಲ್ಲುವುದು ಎಂಬ ಅದೇ ಅಚ್ಚಿನಲ್ಲಿ ಕಡಬದ ಕತೆಯನ್ನೂ ಎರಕ ಹೊಯ್ಯಲಾಗಿದೆ. ನದಿಯ ಮೂಲದ ಕಡೆಗೂ ರಾಮನ ಗುರುತುಂಟು. ದೇವರಾಯನದುರ್ಗದ ಬುಡದ ನಾಮದ ಚಿಲುಮೆ, ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಂಡೆಗೆ ಬಾಣ ಬಿಟ್ಟು ಚಿಮ್ಮಿಸಿದ್ದಂತೆ.

ಕಾಣದ ಶಕ್ತಿಗಳ ಲೆಕ್ಕ ಹಾಕುವುದು ಜಗಲಿಯವರ ಹವ್ಯಾಸ ಮಾತ್ರವಾಗಿರಲಿಲ್ಲ, ರಾಜರ ದಾನಪತ್ರಗಳಲ್ಲೂ ಅದು ಬರುತ್ತದೆ. ಕಡಬದಲ್ಲಿ ಸಿಕ್ಕಿದ ತಾಮ್ರಪಟ ರಾಷ್ಟ್ರಕೂಟ ಮುಮ್ಮಡಿ ಗೋವಿಂದನದು. ಕಾಲ ಶಕ 735, ಅಂದರೆ ಕ್ರಿ.ಶ. 812-13. ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಪೀಡೆಯನ್ನು ಅರ್ಕಕೀರ್ತಿ ಎಂಬ ಜೈನ ಮುನಿ ಕಳೆದದ್ದಕ್ಕೆ ಜಾಲಮಂಗಲ ಎಂಬ ಗ್ರಾಮವನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಈ ಪಟದ ಸಾಚಾತನವನ್ನು ಕೆಲವು ವಿದ್ವಾಂಸರು ಅನುಮಾನಿಸಿದ್ದಾರೆ. ಖೋಟಾ ಎಂದೇ ಇಟ್ಟುಕೊಂಡರೂ, ಶನಿ ಬಿಡಿಸಿದ್ದು ಊರು ಕೊಡಲು ತಕ್ಕ ಕಾರಣವೆಂದು ನಂಬುವ ಓದುಗರು ಆಗ ಇದ್ದರೆಂಬುದಂತೂ ಖಚಿತ.

ಈ ಭಾಗದಿಂದ ಹೊರಟು ನಾಡನ್ನೆಲ್ಲ ಸುತ್ತಿದ ಕತೆ ಜಕಣಾಚಾರಿಯದು. ತುಮಕೂರಿನ ಬಳಿಯ ಕ್ರೀಡಾಪುರದ ಶಿಲ್ಪಿ ಜಕಣಾಚಾರಿ ಕಲೆಯ ಬೆನ್ನು ಹತ್ತಿ ಮನೆ ಬಿಡುತ್ತಾನೆ. ಬೇಲೂರಿನಲ್ಲಿ ಅವನು ಕಡೆದ ಕೇಶವನ ವಿಗ್ರಹದಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆನೆಂದು ಶಿಲ್ಪಿಯ ಶಪಥ. ವಿಗ್ರಹಕ್ಕೆಲ್ಲ ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಟ್ಟು ಬಡಿದಾಗ ನೀರಿನೊಡನೆ ಕಪ್ಪೆ ಹೊರಬೀಳುತ್ತದೆ. ಜಕಣ ಕೈ ಕಡಿದುಕೊಳ್ಳುತ್ತಾನೆ. ಹುಡುಗ ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯುತ್ತದೆ. ಹುಟ್ಟೂರಿನಲ್ಲಿ ಗುಡಿ ಕಟ್ಟಲು ದೇವರ ಅಪ್ಪಣೆಯಾಗಿ, ಚೆನ್ನಕೇಶವನ ಗುಡಿ ಮುಗಿದಾಗ ಕೈ ಮತ್ತೆ ಬರುತ್ತದೆ; ಊರು ಕೈದಾಳವಾಗುತ್ತದೆ.

ಕಪ್ಪೆಯ ಮಾತು ಕತೆಗಾರನ ತಲೆಯಿಂದ ಏಕಾಏಕಿ ಹುಟ್ಟಿದ್ದಲ್ಲ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಪ್ರತಿಮೆಗೆ ಮರ ಕಡಿಯುವಾಗ ಗಮನಿಸಬೇಕಾದ ಮಂಡಲಗಳನ್ನು ಹೇಳುತ್ತದೆ: ಹಳದಿ ಮಂಡಲ ಕಂಡರೆ ಒಳಗೆ ಉಡ, ನೀಲಿಯಾದರೆ ಹಾವು, ಮಂಜಿಷ್ಠದ ಕೆಂಪಾದರೆ ಕಪ್ಪೆ. ಶಿಲ್ಪಶಾಸ್ತ್ರಗಳು ಇದನ್ನು ಕಲ್ಲಿಗೂ ವಿಸ್ತರಿಸಿ, ಲೇಪ ಹಚ್ಚಿ ಪರೀಕ್ಷಿಸುವ ಕ್ರಮ ಕೊಡುತ್ತವೆ. ಶಿಲ್ಪಿಗಳ ಪಾಠದಲ್ಲಿದ್ದ ಎಚ್ಚರಿಕೆಯೊಂದು ಜನರ ಬಾಯಲ್ಲಿ ಅಪ್ಪ-ಮಗನ ದುರಂತವಾಗಿ ಬೆಳೆಯಿತು.

ಕತೆ ಬೆಳೆಯುತ್ತ ನಾಡಿನ ಗುಡಿಗಳೆಲ್ಲ ಜಕಣಾಚಾರಿಯ ಖಾತೆಗೆ ಸೇರಿದವು. ಬೇಲೂರಿನ ಗುಡಿ 1117ರದು, ಸೋಮನಾಥಪುರದ್ದು 1268ರದು. ಎರಡನ್ನೂ ಒಬ್ಬನೇ ಕಟ್ಟಿದನೆಂದರೆ ಅವನಿಗೆ ನೂರೈವತ್ತು ವರ್ಷದ ದುಡಿಮೆ ಬೇಕು. ಶಾಸನಗಳ ಕೆಲಸ ಶುರುವಾದಾಗ ಈ ಖಾತೆ ಕರಗತೊಡಗಿತು. ತುಮಕೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಹೊರಬಂದವು. ಕೈದಾಳದ ಶಾಸನದಲ್ಲಿ ಗುಡಿ ಕಟ್ಟಿಸಿದವನೆಂದು ಇರುವ ಹೆಸರು 12ನೆಯ ಶತಮಾನದ ನಡುವಿನಲ್ಲಿದ್ದ, ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳಿ ಬಾಚಿಯದು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಗುಡಿಯಿಂದ ಗುಡಿಗೆ ಹೋಗಿ ವಿಗ್ರಹಗಳ ಪೀಠದ ಸಣ್ಣ ಅಕ್ಷರಗಳನ್ನು ಓದಿಸಿದಾಗ ಬೇರೆ ಬೇರೆ ಶಿಲ್ಪಿಗಳ ಹೆಸರು ಒಂದೊಂದಾಗಿ ಹೊರಬಂದವು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಸಹಿ ಹಾಕಿದ್ದಾರೆ; ಅಪ್ಪ-ಮಗ ಒಟ್ಟಿಗೆ ಕೆಲಸ ಮಾಡಿದ್ದು ಅಲ್ಲಿಗೆ ನಿಜವೇ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಯಲ್ಲಿ ಹೊನೋಜ.

ಹೊನೋಜನ ಹೆಸರು ಊರಾಚೆ ಹೋಗಲಿಲ್ಲ. ಅವನಿಗೆ ಶಾಪವಿಲ್ಲ, ಕಳೆದುಹೋದ ಮಗನಿಲ್ಲ, ಕಲ್ಲಲ್ಲಿ ಕಪ್ಪೆಯೂ ಸಿಗಲಿಲ್ಲ. ಅದೇ ಊರಿನ ಕಲ್ಲೇಶ್ವರ ಗುಡಿ ಇನ್ನೂ ಹಳೆಯದು, 9ನೆಯ ಶತಮಾನದ ಕೊನೆಯ ಭಾಗದ್ದು. ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ಕೆತ್ತಿದ ಕೈಯ ಬಗ್ಗೆ ಇಂಥ ಕತೆ ನಾಡಿಗೆ ಹಬ್ಬಿಲ್ಲ. ತುರುವೇಕೆರೆ ಬಳಿಯ ಗುಡ್ಡದ ಕರಿಕಲ್ಲು ಶ್ರೀರಂಗಪಟ್ಟಣದ ಗುಂಬಜಿನ ಕಂಬಗಳಿಗೆ ಹೋಯಿತೆಂದು ಗೆಜೆಟಿಯರ್ ಹೇಳುತ್ತದೆ. ಎರಡು ಊರುಗಳ ನಡುವಿನ ಈ ನಂಟನ್ನು ಹೇಳಲು ಪುರಾಣ ಬೇಕಾಗಲಿಲ್ಲ, ಬಹುಶಃ ಅದಕ್ಕೇ ಜನಕ್ಕೆ ಅದು ಅಷ್ಟು ಗೊತ್ತಿಲ್ಲ. ಇತ್ತ ಜಕಣಾಚಾರಿ 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯ ಮೂಲಕ ಕನ್ನಡದ ಮೊದಲ ಪೂರ್ಣ ವರ್ಣಚಿತ್ರದ ನಾಯಕನಾದ, ಈಗ ಸರ್ಕಾರ ಜನವರಿ 1ರಂದು ಅವನ ಸಂಸ್ಮರಣಾ ದಿನ ಆಚರಿಸುತ್ತದೆ.

ಊರಮ್ಮಂದಿರ ಲೋಕ ಇದಕ್ಕಿಂತ ಬೇರೆ ಬಗೆಯದು. ಅಲ್ಲಿ ಊರೂರನ್ನು ಹೆಣೆಯುವುದು ಮಹಾಕಾವ್ಯಕ್ಕಿಂತ ಹೆಚ್ಚಾಗಿ ನೆಂಟಸ್ತಿಕೆ. ಅಮ್ಮಂದಿರು ಅಕ್ಕತಂಗಿಯರು, ಒಬ್ಬಳ ಜಾತ್ರೆಗೆ ಇನ್ನೊಬ್ಬಳು ಬರುತ್ತಾಳೆ, ಹೋಗುವಾಗ ಮಡಿಲಕ್ಕಿ ಕಟ್ಟಿಸಿಕೊಳ್ಳುತ್ತಾಳೆ. ಕಾರಣ ತಿಳಿಯದಿದ್ದರೆ ಊಹಿಸುತ್ತ ಕೂರುವುದಿಲ್ಲ, ದೇವರನ್ನೇ ಕೇಳುತ್ತಾರೆ. ತಿಪಟೂರಿನ ಬಳಿಯ ದಸರೀಘಟ್ಟದ ಚೌಡೇಶ್ವರಿ ಇದಕ್ಕೆ ಹೆಸರುವಾಸಿ. ಭಕ್ತರು ಪ್ರಶ್ನೆಯಿಟ್ಟರೆ, ಹಿಡಿದವರ ಕೈಯಲ್ಲಿ ಅಮ್ಮನವರ ಉತ್ಸವಮೂರ್ತಿ ಮುಂದಕ್ಕೆ ಬಾಗಿ ಕನ್ನಡ ಅಕ್ಷರಗಳಲ್ಲಿ ಉತ್ತರ ಬರೆಯುತ್ತದೆ ಎಂಬುದು ನಂಬಿಕೆ. ಕಾಣದ ಶಕ್ತಿಯಿಂದ ಬರಹದಲ್ಲಿ ಉತ್ತರ ಪಡೆಯುವ ವ್ಯವಸ್ಥೆ ಪುರಾಣದವರಿಗೂ ಇರಲಿಲ್ಲ.

ಮೂಲಕತೆಯನ್ನು ಮುರಿಯಬಾರದೆಂಬ ಕಟ್ಟಳೆಯನ್ನು ಕೊನೆಗೆ ಮೀರಿದವರು ಸಂಪಿಗೆಯಲ್ಲೇ ಹುಟ್ಟಿದವರು. ಬಿ. ಎಂ. ಶ್ರೀಕಂಠಯ್ಯ, ಕನ್ನಡದ ಬಿ.ಎಂ.ಶ್ರೀ., 1884ರ ಜನವರಿ 3ರಂದು ಇಲ್ಲಿ ಜನಿಸಿದರು. ಅವರ ‘ಅಶ್ವತ್ಥಾಮನ್’ ನಾಟಕ 1929ರದು. ಗ್ರೀಕ್ ನಾಟಕಕಾರ ಸಾಫೊಕ್ಲಿಸನ ಏಜಾಕ್ಸ್‌ನ ಕತೆಯನ್ನು ಅವರು ಕುರುಕ್ಷೇತ್ರದ ಕೊನೆಗೆ ತಂದು ಕೂರಿಸಿದರು. ಜಾಗ ಆಯ್ದದ್ದು ಸ್ಥಳಪುರಾಣಕಾರನ ಜಾಣತನದಿಂದಲೇ. ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನ ಮೈಯಲ್ಲಿ ರುದ್ರನೇ ಹೊಕ್ಕು ಪಾಂಡವರ ಪಾಳೆಯವನ್ನು ಸವರಿಸಿದ ಮೇಲೆ ಆ ಮನುಷ್ಯನ ಒಳಗೆ ಏನಾಯಿತೆಂದು ವ್ಯಾಸರು ಹೆಚ್ಚು ಹೇಳುವುದಿಲ್ಲ. ಆದರೆ ಏಜಾಕ್ಸ್ ತನ್ನ ಕೈಯಾರೆ ಸಾಯುವವನು, ಅಶ್ವತ್ಥಾಮ ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬ. ಶ್ರೀಯವರು ಗ್ರೀಕ್ ದುರಂತದ ದಾರಿಯನ್ನೇ ಹಿಡಿದು ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದರು. ಸಾವಿಲ್ಲದವನಿಗೆ ಸಾವು ತಂದದ್ದು ಸರಿಯೇ ಎಂಬ ಚರ್ಚೆ ಕನ್ನಡ ವಿಮರ್ಶೆಯಲ್ಲಿ ಬಹುಕಾಲ ನಡೆಯಿತು.